ಯಾವ ನೆಟಿಗೆ

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಮುಟ್ಟಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ತಿಲಕ್ ನಗರದ ನಮ್ಮ ವಠಾರದಲ್ಲಿ ಯಾರಿಗೆ ಸೊಂಟ ಹಿಡಿದರೂ, ಕತ್ತು ಉಳುಕಿದರೂ ನನ್ನ ಬಾಗಿಲಿಗೇ ಬರುತ್ತಿದ್ದರು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಎರಡು ವರ್ಷ. ಅವನನ್ನು ನೋಡಿಕೊಳ್ಳಲು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೆ. ಹೇಳಿಕೊಳ್ಳಲು ನನಗಿದ್ದದ್ದು ಆ ಕೈಗುಣ ಒಂದೇ.

ತಮ್ಮ ಬೆಳೆದು ಸಿಟಿ ಬಸ್ಸಿನ ಕಂಡಕ್ಟರ್ ಆದ. ಬನಶಂಕರಿಯಿಂದ ಮಾರ್ಕೆಟ್‌ವರೆಗೆ ಬಸ್ಸು ಎಷ್ಟೇ ಕುಲುಕಿದರೂ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯುತ್ತಿದ್ದ. ಅವನನ್ನು ಬೀಳಿಸಲೆಂದೇ ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಿದ್ದನಂತೆ. ಒಂದು ದಿನವೂ ಬೀಳಲಿಲ್ಲ ಎಂದು ಮನೆಗೆ ಬಂದು ಜಂಬ ಕೊಚ್ಚುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಒಂದು ಭಾನುವಾರ ಬೆಳಿಗ್ಗೆ ಅವನ ಕತ್ತು ಹಿಡಿದುಕೊಂಡಿತ್ತು. ಎಣ್ಣೆ ಹಚ್ಚಿ, ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ ಕೊಟ್ಟು ಬಲಕ್ಕೆ ತಿರುಗಿಸಿದೆ. ನೆಟಿಗೆ ಬರಲಿಲ್ಲ.

"ಸಾಕು ಬಿಡಕ್ಕ, ನೋಯ್ತಿದೆ" ಎಂದ.

ಬಿಡಬೇಕಿತ್ತು. ಆದರೆ ಪಕ್ಕದ ಮನೆಯ ಇಬ್ಬರು ಹೆಂಗಸರು ಹೊಸಿಲ ಮೇಲೆ ಕೂತು ನೋಡುತ್ತಿದ್ದರು. ಅವರ ಮುಂದೆ ನನ್ನ ಕೈ ಸೋಲುವುದು ನನಗೆ ಬೇಡವಾಗಿತ್ತು. ಇನ್ನೂ ಜೋರಾಗಿ ತಿರುವಿದೆ. ಲಟಕ್ ಎಂದಿತು. ಗೆದ್ದವಳ ಹಾಗೆ ನಕ್ಕೆ.

ಮರುದಿನ ಬೆಳಿಗ್ಗೆ ಯೂನಿಫಾರಂ ಹಾಕಿಕೊಳ್ಳುತ್ತಿದ್ದವನು ಎಡಕ್ಕೆ ಕುಸಿದು ಬಿದ್ದ. ಮನೆ ಸುತ್ತುತ್ತಿದೆ ಎಂದ, ವಾಂತಿ ಮಾಡಿದ. ಕುಡಿಸಿದ ಕಾಫಿ ಮೂಗಿನಲ್ಲಿ ಬಂತು. ಬಿಕ್ಕಳಿಕೆ ನಿಲ್ಲಲೇ ಇಲ್ಲ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದೆ.

ಅಲ್ಲಿ ಮೊದಲು ನೋಡಿದವರು ಚಿಕ್ಕ ವಯಸ್ಸಿನ ಡಾಕ್ಟರು. ಬಿದ್ದಿದ್ದನೇ, ಕುಡಿಯುತ್ತಾನೆಯೇ, ಕಿವಿ ಸೋರುತ್ತದೆಯೇ ಎಂದೆಲ್ಲ ಕೇಳಿ, ಕೊನೆಗೆ ಕತ್ತಿಗೇನಾದರೂ ಆಗಿತ್ತೇ ಎಂದರು.

"ಏನಿಲ್ಲ ಸಾರ್. ನೆಟಿಗೆ ತೆಗೆದಿದ್ದೆ, ಅಷ್ಟೇ" ಎಂದೆ.

ಅವರು ನಕ್ಕರು. "ನಮ್ಮಮ್ಮನೂ ತೆಗೀತಾರೆ ಬಿಡಿ, ನಾನು ಡ್ಯೂಟಿಗೆ ಹೊರಟಾಗೆಲ್ಲ."

ನಮ್ಮಲ್ಲಿ ದೃಷ್ಟಿ ತೆಗೆಯುವುದಕ್ಕೂ ನೆಟಿಗೆ ಎನ್ನುತ್ತಾರೆ. ಮಕ್ಕಳ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ ಲಟಲಟ ಎನ್ನಿಸುವುದು. ಡಾಕ್ಟರು ಅದೆಂದುಕೊಂಡರು. ಅವರು ತಪ್ಪಾಗಿ ತಿಳಿದರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ತಿದ್ದಲಿಲ್ಲ. ಓದದವಳಿಗೆ ಮಾತು ತಿಳಿಯದೆ ಹಾಗಾಯಿತು ಎಂದು ಯಾರಾದರೂ ಅಂದರೆ ಅದು ಸುಳ್ಳು. ತಿಳಿದೇ ಆ ಮಾತಿನ ಹಿಂದೆ ಅಡಗಿಕೊಂಡೆ. ಕಿವಿಯ ತೊಂದರೆ ಇರಬಹುದು ಎಂದು ಅವರು ಬರೆದುಕೊಂಡು, ವಾಂತಿ ನಿಂತರೆ ನಾಳೆ ಕರೆದುಕೊಂಡು ಹೋಗಿ ಎಂದರು.

ಮಧ್ಯಾಹ್ನ ಹಿರಿಯ ಲೇಡಿ ಡಾಕ್ಟರು ಬಂದರು. ಅವರ ಬೆರಳನ್ನೂ ತನ್ನ ಮೂಗನ್ನೂ ಮುಟ್ಟಲು ತಮ್ಮನಿಗೆ ಹೇಳಿದರು. ಬಲಗೈ ಸರಿಯಾಗಿ ಮುಟ್ಟಿತು. ಎಡಗೈ ತಡವರಿಸಿ ಕೆನ್ನೆಗೆ ಬಡಿಯಿತು. ಗುಂಡುಸೂಜಿ ಚುಚ್ಚಿದರೆ ಮುಖದ ಎಡಭಾಗಕ್ಕೂ ಬಲಗಾಲಿಗೂ ನೋವೇ ಇಲ್ಲ. ಇದು ಕಿವಿಯದಲ್ಲ ಎಂದರು. ದೇಹದ ಆಯ ತಪ್ಪದಂತೆ ಕಾಯುವುದು ತಲೆಯ ಹಿಂಭಾಗದ ಸಣ್ಣ ಮೆದುಳು. ಅಲ್ಲಿಗೆ ರಕ್ತ ಹೋಗುತ್ತಿಲ್ಲ, ಈ ವಯಸ್ಸಿಗೆ ಯಾಕೆ ಹೀಗಾಯಿತೋ ತಿಳಿಯುತ್ತಿಲ್ಲ ಎಂದು, ಕತ್ತಿಗೆ ಏನಾದರೂ ಆಗಿತ್ತೇ ಎಂದು ಅವನನ್ನೇ ಕೇಳಿದರು.

ಅವನು ನನ್ನ ಮುಖ ನೋಡಿದ. ಒಡೆದ ದನಿಯಲ್ಲಿ "ಏನೂ ಆಗಿಲ್ಲ ಮೇಡಂ" ಎಂದ.

ನನ್ನನ್ನು ಕಾಪಾಡುತ್ತಿದ್ದ. ನಾನು ಎತ್ತಿ ಆಡಿಸಿದ ಹುಡುಗ, ನೆಟ್ಟಗೆ ಕೂರಲಾಗದೆ ಗೋಡೆಗೆ ಒರಗಿಕೊಂಡು, ನನ್ನ ಮಾನ ಕಾಯುತ್ತಿದ್ದ. ಇನ್ನು ತಡೆಯಲಾಗಲಿಲ್ಲ. ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ ಕೊಟ್ಟು ಗಾಳಿಯಲ್ಲೇ ತಿರುವಿ ತೋರಿಸಿದೆ.

"ಈ ನೆಟಿಗೆ ಮೇಡಂ, ದೃಷ್ಟಿದಲ್ಲ. ಅವನು ಬೇಡ ಅಂದ. ನಾನೇ ಬಿಡ್ಲಿಲ್ಲ."

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. "ಈಗ ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಯ್ತಲ್ಲಮ್ಮ" ಎಂದು ಅವರು ಆಗಲೇ ಹೊರಟಿದ್ದರು.

ತೊಡೆಯಿಂದ ತೆಳುವಾದ ನಳಿಗೆ ತೂರಿಸಿ, ಔಷಧ ಬಿಟ್ಟು, ಕತ್ತಿನ ರಕ್ತನಾಳಗಳ ಎಕ್ಸ್‌ರೇ ತೆಗೆದರು. ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಬಲಗಡೆಯ ನಾಳ ದಪ್ಪಗಿತ್ತು. ಎಡಗಡೆಯದು ಮೇಲೆ ಹೋಗುತ್ತ ನೂಲಿನಂತಾಗಿ, ಪಕ್ಕದಲ್ಲೊಂದು ಸಣ್ಣ ಉಬ್ಬು ಇತ್ತು. ನಾಳದ ಒಳಪದರ ಹರಿದಿದೆ, ಪದರಗಳ ನಡುವೆ ರಕ್ತ ನುಗ್ಗಿದೆ ಎಂದರು. ಚಪಾತಿ ಉಬ್ಬಿದಾಗ ಎರಡು ಪದರ ಬಿಡುತ್ತಲ್ಲ ಹಾಗೆಯೇ ಎಂದು ಕೇಳಿದೆ. ಸರಿಯಾಗಿ ಹಾಗೆಯೇ ಎಂದರು.

ತಲೆಯೊಳಗೆ ರಕ್ತ ಸೋರಿಲ್ಲವೆಂದು ಖಚಿತ ಮಾಡಿಕೊಂಡು, ರಕ್ತ ಹೆಪ್ಪುಗಟ್ಟದ ಔಷಧವನ್ನು ಡ್ರಿಪ್ಪಿನಲ್ಲಿ ಕೊಟ್ಟರು. ಕತ್ತಿಗೆ ಪಟ್ಟಿ ಕಟ್ಟಿದರು. ಮೆದುಳು ಊದಿಕೊಂಡರೆ ಆಪರೇಷನ್ ಎಂದಿದ್ದರು, ಅದು ಬೇಕಾಗಲಿಲ್ಲ. ಐದನೆಯ ದಿನ ಬಿಕ್ಕಳಿಕೆ ನಿಂತಿತು. ಕಾಫಿ ಗಂಟಲಲ್ಲೇ ಇಳಿಯಿತು. ಆಸ್ಪತ್ರೆಯ ವರಾಂಡದಲ್ಲಿ ನೆಲದ ಕಲ್ಲುಗಳ ಗೆರೆ ಹಿಡಿದು ನಡೆಸುತ್ತಿದ್ದೆ. ಮೊದಲು ಎರಡೇ ಕಲ್ಲು, ಆಮೇಲೆ ಹತ್ತು, ಆಮೇಲೆ ವರಾಂಡದ ತುದಿ. ತಿಂಗಳುಗಟ್ಟಲೆ ಮಾತ್ರೆ, ಮೇಲಿಂದ ಮೇಲೆ ರಕ್ತಪರೀಕ್ಷೆ. ಮತ್ತೆ ಎಕ್ಸ್‌ರೇ ತೆಗೆದಾಗ ಉಬ್ಬು ಇರಲಿಲ್ಲ, ಎಡನಾಳ ತೆರೆದುಕೊಂಡಿತ್ತು. ಲೇಡಿ ಡಾಕ್ಟರು ಎಲ್ಲರನ್ನೂ ಕರೆದು ತೋರಿಸಿದರು. ಆ ಚಿಕ್ಕ ಡಾಕ್ಟರಿಗೆ ನಾನೇ ಹೋಗಿ ಕೈಮುಗಿದು, ಸುಳ್ಳು ನನ್ನದೆಂದು ಹೇಳಿದೆ.

ಉಳುಕೆಂದು ಬಂದವರ ಕತ್ತನ್ನು ಆಮೇಲೆ ಒಮ್ಮೆಯೂ ಮುಟ್ಟಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ನಡೆದದ್ದನ್ನೇ ಹೇಳಿದೆ, ಹೊಸಿಲ ಮೇಲೆ ಕೂತಿದ್ದ ಆ ಇಬ್ಬರಿಗೂ.

ಅವನು ಕೆಲಸಕ್ಕೆ ಮರಳಿದ ದಿನ ಹೇಳದೆ ಅವನ ಬಸ್ಸು ಹತ್ತಿದೆ. ಜನ ತುಂಬಿತ್ತು. ಬಸ್ಸು ತಿರುವಿನಲ್ಲಿ ವಾಲಿತು, ಡ್ರೈವರ್ ಹಳೆಯ ಚೇಷ್ಟೆಗೆ ಬ್ರೇಕನ್ನೂ ಹಾಕಿದ. ನಾನು ಕಂಬಿ ತಬ್ಬಿಕೊಂಡೆ. ತಮ್ಮ ಬರಿಗೈಯಲ್ಲಿ, ನೆಟ್ಟಗೆ, "ಮುಂದೆ ನಡೀರಿ, ಮುಂದೆ" ಎನ್ನುತ್ತ ನನ್ನ ಹತ್ತಿರ ಬಂದ. ಕಣ್ಣು ತುಂಬಿ, ಎರಡೂ ಕೈ ಅವನ ಕೆನ್ನೆಯತ್ತ ಚಾಚಿದೆ.

ಅವನು ತಲೆ ಹಿಂದಕ್ಕೆಳೆದುಕೊಂಡ. "ಅಕ್ಕ, ಯಾವ ನೆಟಿಗೆ? ಮೊದ್ಲು ಹೇಳು."

ಬೆರಳುಗಳನ್ನು ನನ್ನ ಕಣತಲೆಗೆ ಒತ್ತಿಕೊಂಡೆ. ಹತ್ತೂ ಲಟಲಟ ಎಂದವು.