ಚಪ್ಪಲಿ ಮೆಟ್ಟಿದ ಮೇಲಿನ ಮಾತು

ಕಳೆದ ಭಾನುವಾರ ಕಾರವಾರದ ಬೀಚಿನಲ್ಲಿ ನಡೆಯುತ್ತಿದ್ದಾಗ ಬಲೆಯ ಬೆಂಡೊಂದು ಉರುಳಿಕೊಂಡು ಬಂದು ನನ್ನ ಬರಿಗಾಲಿಗೆ ತಾಗಿತು. ಬಲೆ ಮುಳುಗದಿರಲಿ ಎಂದು ಅದರ ಅಂಚಿಗೆ ಪೋಣಿಸುತ್ತಾರಲ್ಲ, ಆ ಬೆಂಡು. ಅಲ್ಲೇ ಮರಳಿನಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಿದ್ದ ಮುದುಕರೊಬ್ಬರ ರಾಶಿಯಿಂದ ಜಾರಿದ್ದು. ಕೊಟ್ಟು ಹೋಗೋಣವೆಂದು ಎತ್ತಿಕೊಂಡೆ. ಮುಷ್ಟಿಯಷ್ಟು ದಪ್ಪ, ನಡುವೆ ತೂತು, ಉಪ್ಪು ಮತ್ತು ಹಳೆಯ ಮೀನಿನ ವಾಸನೆ. ಕೈಗೆ ಬಂದದ್ದೇ ತಡ, ನನ್ನ ಬಾಯಿ ತಾನಾಗಿ ತೆರೆಯಿತು. ಏನಾದರೂ ಮಾತಾಡಬೇಕು, ಅದೂ ಇಂಗ್ಲಿಷಿನಲ್ಲಿ... ಹನ್ನೆರಡು ವರ್ಷದ ಹಿಂದಿನ ರೂಢಿ. ಮುದುಕರು ತಲೆಯೆತ್ತಿ ನೋಡಿದರು. ನಾನು ಬೆಂಡು ಹಿಡಿದುಕೊಂಡು ನಿಂತೇ ಇದ್ದೆ.

ಇಂಥದ್ದೇ ಒಂದು ಬೆಂಡು ನಮ್ಮ ಅಕ್ಕೋರ ಮೇಜಿನ ಮೇಲಿತ್ತು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರೇ ಎನ್ನುವುದು. ಇವರು ಶಾಲೆಯ ಅಕ್ಕೋರಲ್ಲ. ಕಾರವಾರ ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಹಿಡಿದು ಸ್ಪೋಕನ್ ಇಂಗ್ಲಿಷ್ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಅಲ್ಲೇ ಊರಂಚಿನ ಕೋಡಿಬಾಗದಲ್ಲಿ ಒಬ್ಬರೇ ಬಾಡಿಗೆಗಿದ್ದರು. ಬೆಂಡು ಅವರ ಅಪ್ಪನ ಬಲೆಯದಂತೆ. ಅಪ್ಪನ ಬಗ್ಗೆ ಅಷ್ಟೇ ಹೇಳಿದ್ದು.

ನಾನು ಆಗ ಅಂಕೋಲೆಯಲ್ಲಿ ಡಿಗ್ರಿ ಮುಗಿಸಿ ಮೂರು ಇಂಟರ್‌ವ್ಯೂಗಳಲ್ಲಿ ಮುಖ ಕೆಡಿಸಿಕೊಂಡು ಬಂದಿದ್ದೆ. ಹೆಸರು, ಊರು ಭಾವಿಕೇರಿ, ಅಲ್ಲಿಗೆ ನನ್ನ ಇಂಗ್ಲಿಷಿನ ರಸ್ತೆ ಮುಗಿಯುತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಡಬಲ್ಲೆ, ಮಾತು ಮುಂದೆ ಒಯ್ಯಲಾರೆ. ಹಾಗಾಗಿ ವಾರಕ್ಕೆ ಮೂರು ದಿನ ಬಸ್ಸು ಹತ್ತಿ, ಅರ್ಗಾದ ನೇವಿ ಗೋಡೆಯನ್ನು ಕಿಟಕಿಯಿಂದ ನೋಡುತ್ತಾ, ಬಾಯಲ್ಲೇ ವಾಕ್ಯ ಮಣಮಣಿಸುತ್ತಾ ಕಾರವಾರಕ್ಕೆ ಹೋಗುತ್ತಿದ್ದೆ.

ಮೊದಲ ದಿನವೇ ಅಕ್ಕೋರು ನನ್ನ ವ್ಯಾಕರಣದ ಪುಸ್ತಕ ಮುಚ್ಚಿಸಿದರು. "ಇದೆಲ್ಲಾ ನಿಂಗೆ ಬತ್ತದೆ ಮಾರಾಯ್ತಿ. ಮಾತು ತೆಗೆಯೂಕೆ ಬರೂದಿಲ್ಲ, ತಿರುಗ್ಸೂಕೆ ಬರೂದಿಲ್ಲ. ಅಷ್ಟೇ." ಅವರು ಕಲಿಸಿದ್ದೂ ಅದನ್ನೇ. ಒಂದು ವಿಷಯವನ್ನು ಹೇಗೆ ಎತ್ತಬೇಕು, ಇನ್ನೊಬ್ಬರು ಎತ್ತಿದ್ದನ್ನು ಬೇಸರವಾಗದಂತೆ ಬೇರೆ ಕಡೆಗೆ ಹೇಗೆ ಒಯ್ಯಬೇಕು.

ಅದಕ್ಕೆ ಅವರದೊಂದು ಆಟವಿತ್ತು, ಕಲಿಯಲು ಬಂದವರೆಲ್ಲ ಸುತ್ತ ಕೂರುತ್ತಿದ್ದೆವು. ಬೆಂಡು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಸಾಕೆನಿಸಿದಾಗ ಇನ್ನೊಬ್ಬರಿಗೆ ಎಸೆಯಬೇಕು. ಹಿಡಿದವರು ಏನು ಬೇಕಾದರೂ ಮಾತಾಡಬಹುದು, ಆದರೆ ಎಸೆದವರ ಮಾತಿನಿಂದ ಒಂದು ಶಬ್ದವನ್ನಾದರೂ ಎತ್ತಿಕೊಂಡೇ ಶುರುಮಾಡಬೇಕು. ಸುಮ್ಮನೆ ಹಾರಿದರೆ ಬೆಂಡು ವಾಪಸು, ಆ ಸುತ್ತು ಮುಗಿಯುವವರೆಗೆ ಬಾಯಿ ಮುಚ್ಚಿ ಕೂರುವುದು. ಮೊದಲ ಎರಡು ವಾರ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಆಮೇಲೊಂದು ದಿನ, ಗೋವಾದ ಹೋಟೆಲಿನಲ್ಲಿ ಕೆಲಸ ಹುಡುಕುತ್ತಿದ್ದವನೊಬ್ಬ ತನ್ನ ತಾಯಿ ಮಾಡುವ ಬಂಗಡೆ ಸಾರಿನ ಬಗ್ಗೆ ಹೇಳಿ ನನ್ನತ್ತ ಎಸೆದ. ನಾನು 'ದಟ್ ರಿಮೈಂಡ್ಸ್ ಮಿ' ಎಂದವಳೇ, ಆ ದಿನ ಬಸ್ಸಿನಲ್ಲಿ ಮೀನಿನ ಬುಟ್ಟಿಯ ನೀರು ಕಂಡಕ್ಟರನ ಪ್ಯಾಂಟಿನ ಮೇಲೆ ಚೆಲ್ಲಿದ ಕಥೆಗೆ ಹೊರಳಿಕೊಂಡೆ. ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ, ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಅದು ಅವರು ಖುಷಿಯಾದಾಗ ಮಾಡುತ್ತಿದ್ದ ಕೆಲಸ ಎಂದು ಆಮೇಲೆ ಗೊತ್ತಾಯಿತು.

'ಎನಿವೇ' ಎಂಬುದರ ಬಗ್ಗೆ ಮಾತ್ರ ಅವರಿಗೆ ಸ್ವಲ್ಪ ಹೆದರಿಕೆಯಿತ್ತು. "ಅದು ಬಾಗಿಲು ಹಾಕಿದಂಗೆ. ನಿಧಾನ ಹಾಕ್ಬೇಕು. ಯಾರ ಬೆರಳೂ ಸಿಕ್ಕಬಾರ್ದು" ಎನ್ನುತ್ತಿದ್ದರು.

'ಬೈ ದ ವೇ' ಕಲಿಸಿದ ದಿನ ಅವರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಇದು ನಿಮಗೆ ಹುಟ್ಟಿನಿಂದಲೇ ಗೊತ್ತು ಎಂದರು. ನಮ್ಮ ಮನೆಗಳಿಗೆ ಯಾರಾದರೂ ಬಂದರೆ ಹೇಗೆ ಮಾತಾಡುತ್ತಾರೆ, ನೆನಪು ಮಾಡಿಕೊಳ್ಳಿ ಎಂದರು. ಬಂದು ಕೂತ ಕೂಡಲೇ ಸೆಖೆ, ಮೊಣಕಾಲು ನೋವು, ಗ್ಯಾಸು. ಚಾ ಬಂದ ಮೇಲೆ ಮೀನು ಸಿಗುತ್ತಿಲ್ಲವೆಂಬ ಗೋಳು. ಆಮೇಲೆ ಏಳುತ್ತಾರೆ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾರೆ, ಗೇಟಿನ ಚಿಲಕಕ್ಕೆ ಕೈ ಹಾಕುತ್ತಾರೆ. ಆಗ ಬರುತ್ತದೆ 'ಅಂದಹಾಗೆ...' ಹುಡುಗಿ ಕೇಳಲು ಬಂದವರು, ಬೇಲಿಯ ತಕರಾರು ತಂದವರು, ಮುನಿಸು ಮುಗಿಸಲು ಬಂದವರು, ಎಲ್ಲರ ಅಸಲು ಮಾತೂ ಚಪ್ಪಲಿ ಮೆಟ್ಟಿದ ಮೇಲೆಯೇ. ನಾವೆಲ್ಲ ನಮ್ಮ ನಮ್ಮ ಮಾವಂದಿರನ್ನು, ದೊಡ್ಡಮ್ಮಂದಿರನ್ನು ನೆನೆದು ನಕ್ಕೆವು. ನನ್ನ ಅಮ್ಮನಂತೂ ಯಾರು ಬಂದರೂ ಒಳಗೆ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಬಂದವರು ಗೇಟಿನವರೆಗೆ ಹೋಗಿ ನಿಂತ ಮೇಲೇ ಅವಳು ಸೆರಗು ಸರಿಮಾಡಿಕೊಂಡು ಕಿವಿ ಕೊಡುತ್ತಿದ್ದದ್ದು.

ಯಾರೋ ಕೇಳಿದರು, ಅಷ್ಟೆಲ್ಲ ಹೊತ್ತಿಲ್ಲದಿದ್ದರೆ ಏನು ಮಾಡುವುದು ಎಂದು.

"ಹೊತ್ತಿಲ್ಲದಿದ್ರೆ ಮೊದ್ಲೇ ಹೇಳ್ಬೇಕು" ಎಂದರು ಅಕ್ಕೋರು. ಬೆಂಡನ್ನು ಮೇಜಿನ ಮೇಲೆ ಒಂದು ಸುತ್ತು ಉರುಳಿಸಿ, "ಆದ್ರೆ ನಮ್ಮ ಬದಿಲಿ ಮೊದ್ಲು ಹೇಳಿದ್ದನ್ನ ಯಾರು ಕೇಳ್ತಾರೆ?" ಎಂದರು. ಅದಕ್ಕೂ ನಕ್ಕೆವು.

ನನಗೆ ಕೆಲಸ ಸಿಕ್ಕಿತು. ಮಲ್ಲಾಪುರದ ಕಡೆಯ ಒಂದು ಶಾಲೆಯ ಆಫೀಸಿನಲ್ಲಿ, ಬಂದ ತಂದೆತಾಯಿಗಳ ಜೊತೆ ಮಾತಾಡುವ ಕೆಲಸ. ಎಲ್ಲೆಲ್ಲಿಂದಲೋ ಬಂದು ಅಲ್ಲಿಯ ಅಣುವಿದ್ಯುತ್ ಸ್ಥಾವರದಲ್ಲಿ ದುಡಿಯುವ ಜನ, ಕನ್ನಡ ಬಾರದು. ಸಿಟ್ಟಿನಲ್ಲಿ ಬಂದವರ ಮಾತನ್ನು ಅವರದೇ ಶಬ್ದ ಹಿಡಿದು ಬೇರೆ ಕಡೆ ತಿರುಗಿಸಿ, ನಗಿಸಿ ಕಳುಹಿಸುತ್ತಿದ್ದೆ. ಎಷ್ಟು ಪಳಗಿದೆನೆಂದರೆ ಯಾರೇ ಬಾಯಿ ತೆರೆದರೂ ಎಲ್ಲಿ ತಿರುಗಿಸಬೇಕೆಂದು ಲೆಕ್ಕ ಹಾಕತೊಡಗಿದೆ. ಆಮೇಲೆ ಮದುವೆಯಾಯಿತು, ಕ್ವಾರ್ಟರ್ಸಿನ ಮನೆ ಬಂತು. ಅಕ್ಕೋರಿಗೆ ಹಬ್ಬಕ್ಕೊಂದು ಫೋನು, ಅಷ್ಟೇ.

ಎರಡು ವರ್ಷದ ಹಿಂದೆ, ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ, ಅವರು ನನ್ನ ಮನೆಗೆ ಬಂದರು. ಫೋನು ಮಾಡದೆ, ಒಂದೂವರೆ ತಾಸು ಬಸ್ಸಿನಲ್ಲಿ ಕೂತು. ತೆಳ್ಳಗಾಗಿದ್ದರು. ಬಂದವರು ಕುರ್ಚಿಯಲ್ಲಿ ಕೂತರು. ನಾನು ನೀರು ಕೊಡುವುದರೊಳಗೇ ಹೇಳಿದರು, "ಹೊಟ್ಟೆನೋವು ಬಿಡೂದೇ ಇಲ್ಲ ನೋಡು. ಡಾಕ್ಟ್ರು ಮಂಗಳೂರಿಗೆ ಹೋಗಿ ತೋರ್ಸಿ ಅಂದ್ರು. ಸಂಗ್ತಿಗೆ ಒಬ್ರು ಬೇಕಿತ್ತು."

"ಗ್ಯಾಸು ಅಕ್ಕೋರೆ" ಎಂದೆ ನಾನು. "ನಮ್ಮ ಅಮ್ಮಂಗೂ ಹಂಗೇ ಆಗಿತ್ತು. ಜೀರಿಗೆ ಕಷಾಯ ಕುಡೀರಿ. ಎನಿವೇ, ಬಂದ್ರಲ್ಲ, ನಂಗೆ ಎಷ್ಟು ಖುಷಿ ಆಯ್ತು ಗೊತ್ತದ್ಯಾ?"

ಅಕ್ಕೋರು ನೀರು ಕುಡಿದರು.

ಅವಲಕ್ಕಿ ಮಾಡಿಕೊಟ್ಟೆ, ಚಾ ಮಾಡಿದೆ. ಶಾಲೆಯ ಕಥೆಗಳನ್ನೆಲ್ಲ ಹೇಳಿದೆ. ಒಬ್ಬ ತಂದೆಯ ಜಗಳವನ್ನು ಕ್ರಿಕೆಟ್ಟಿಗೆ ತಿರುಗಿಸಿದ್ದನ್ನು ಇಂಗ್ಲಿಷಿನಲ್ಲೇ ಮಾಡಿ ತೋರಿಸಿದೆ. ಅವರು ಕೇಳಿದರು. ಕನ್ನಡಕ ಒರೆಸಿಕೊಳ್ಳಲಿಲ್ಲ... ಇದು ಈಗ ನೆನಪಾಗುತ್ತದೆ. ಆಗ ನಾನು ಕಾಯುತ್ತಿದ್ದದ್ದು ಗೇಟಿಗಾಗಿ. ಇಷ್ಟು ದೂರ ಬಂದಿದ್ದಾರೆಂದರೆ ಏನೋ ಇರಲೇಬೇಕು, ಹೊರಡುವಾಗ ಹೇಳುತ್ತಾರೆ ಎಂದು ನನ್ನ ಲೆಕ್ಕ. ಅವರು ಚಪ್ಪಲಿ ಮೆಟ್ಟಿದಾಗ ನಾನು ಸರಿಯಾಗಿ ಎದುರು ನಿಂತು, ಅಮ್ಮನ ಹಾಗೆ, ಪೂರ್ತಿ ಕಿವಿ ಕೊಟ್ಟೆ. ಅಕ್ಕೋರು ಚಿಲಕ ತೆಗೆದರು. ನನ್ನ ಮುಖ ನೋಡಿದರು. "ಬತ್ತೆ ಹಂಗಾರೆ" ಎಂದರು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೆಮ್ಮೆಯಾಯಿತು. ಕೆಲಸವಿಲ್ಲದೆ, ನನ್ನನ್ನು ನೋಡಲೆಂದೇ ಬಂದರಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೆಯೇ.

ಮೂರು ತಿಂಗಳ ಮೇಲೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕೋರ ಬಾಡಿಗೆ ಮನೆಯ ಮಾಲಕಿ ಸಿಕ್ಕರು. ಅಕ್ಕೋರನ್ನು ಮಂಗಳೂರಿಗೆ ಒಯ್ದು ತಂದಾಯಿತು ಎಂದರು. ಹೊಟ್ಟೆಯ ಗಡ್ಡೆ ಬೆಳೆದುಬಿಟ್ಟಿತ್ತು, ಎರಡು ತಿಂಗಳ ಮೊದಲೇ ಬರಬೇಕಿತ್ತು ಎಂದರಂತೆ ಅಲ್ಲಿಯವರು. "ನಿಮ್ಮಲ್ಲಿ ಬಂದಿದ್ರಲ್ಲ ಅವ್ರು, ಸಂಗ್ತಿಗೆ ಬತ್ಯಾ ಕೇಳೂಕೆ ಅಂತ. ಅವಳಿಗೆ ಪುರ್ಸೊತ್ತಿಲ್ಲ ಕಾಣ್ತದೆ ಅಂದ್ರು. ಮತ್ತೆ ಯಾರನ್ನೂ ಕೇಳಲೇ ಇಲ್ಲ. ಕಡೀಗೆ ನಾನೇ ಜೋರು ಮಾಡಿ ಕರ್ಕೊಂಡು ಹೋದದ್ದು." ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸುಮ್ಮನೆ ಸುದ್ದಿ ಹೇಳಿದಂತೆ ಹೇಳಿದರು. ಅಳು ಬಂದೀತು ಎಂದು ಕಾದೆ. ಬರಲಿಲ್ಲ. ಬಸ್ಸು ಬಂತು, ಹತ್ತಿದೆ, ಟಿಕೆಟ್ ತೆಗೆದುಕೊಂಡೆ.

ಮರುದಿನ ಕೋಡಿಬಾಗಕ್ಕೆ ಹೋದೆ. ಅಕ್ಕೋರು ಕಿಟಕಿಯ ಪಕ್ಕ ಮಲಗಿದ್ದರು. ದಾರಿಯುದ್ದಕ್ಕೂ ಒಂದೇ ಮಾತು ಜೋಡಿಸಿಕೊಂಡು ಬಂದಿದ್ದೆ. ಕೂತ ಕೂಡಲೇ ಶುರುಮಾಡಿದೆ, "ಅಕ್ಕೋರೆ, ಅವತ್ತು ನೀವು ಮನೆಗೆ ಬಂದಾಗ..."

"ಅವತ್ತು ನೀನು ಮಾಡಿದ ಅವಲಕ್ಕಿ ಚಲೋ ಇತ್ತು" ಎಂದರು. "ತೆಳು ಅವಲಕ್ಕಿ ಅಲ್ಲಾ? ಎಲ್ಲಿ ಸಿಗ್ತದೆ ಮಲ್ಲಾಪುರದಲ್ಲಿ?"

ಅಂಗಡಿ ಯಾವುದೆಂದು ಹೇಳಿದೆ. ಮತ್ತೆ, ನಾನು ನಿಮ್ಮ ಸಂಗಡ ಮಂಗಳೂರಿಗೆ ಬರಬೇಕಿತ್ತು ಎಂದೆ. ಅವರು ಮಂಗಳೂರು ಎಂಬುದನ್ನು ಹಿಡಿದು ಅಲ್ಲಿಯ ಸೆಖೆಗೆ ಹೋದರು. ಸೆಖೆಯಿಂದ ಆಸ್ಪತ್ರೆಯ ಪಕ್ಕದ ಮಂಚದವಳಿಗೆ, ಅವಳಿಂದ ಅವಳ ಸೊಸೆಯರಿಗೆ. ಒಂದು ಕಡೆಯೂ ಹಾರಲಿಲ್ಲ, ಪ್ರತಿ ಸಲವೂ ನನ್ನ ಶಬ್ದವನ್ನೇ ಎತ್ತಿಕೊಂಡು ಹೊರಳಿದರು. ದಣಿದ ದನಿ, ಆದರೂ ಒಂದು ತಪ್ಪಿಲ್ಲ. ನನಗೆ ತಪ್ಪೊಪ್ಪಿಕೊಳ್ಳಲು ಅವರು ಜಾಗವನ್ನೇ ಬಿಡುತ್ತಿಲ್ಲ ಎಂದು ಅರ್ಥವಾಯಿತು. ಕೊನೆಗೆ ಯಾವ ಸೇತುವೆಯೂ ಇಲ್ಲದೆ, ನನ್ನಿಂದ ತಪ್ಪಾಯ್ತು ಎಂದುಬಿಟ್ಟೆ. 

"ಎನಿವೇ" ಎಂದರು. ಬಹಳ ನಿಧಾನವಾಗಿ ಎಂದರು. "ನಿಂಗೆ ಬಸ್ಸಿಗೆ ಹೊತ್ತಾಯ್ತಲ್ಲಾ?"

ಎದ್ದು ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಬಾಗಿಲಲ್ಲೇ ನಿಂತು ಒಳಗೆ ತಿರುಗಿ "ಅಂದಹಾಗೆ ಅಕ್ಕೋರೆ..." ಎಂದೆ. ಅವರು ಕಣ್ಣು ಮುಚ್ಚಿದ್ದರು. ನಿದ್ದೆಯೋ, ಅಲ್ಲವೋ... ಮಲಗಲಿ ಎಂದು ಮನೆ ಮಾಲಕಿ ಕೈಸನ್ನೆ ಮಾಡಿದರು.

ಆ ಮಳೆಗಾಲ ಮುಗಿಯುವುದರೊಳಗೆ ಅಕ್ಕೋರು ತೀರಿಕೊಂಡರು. ನಾನು ಹೋಗುವುದರೊಳಗೆ ಎಲ್ಲ ಮುಗಿದಿತ್ತು. ಕೋಣೆ ಖಾಲಿ ಮಾಡಿದಾಗ ಬೆಂಡು ಏನಾಯಿತೆಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಶಾಲೆಯಲ್ಲಿ ಈಗಲೂ ಅದೇ ಕೆಲಸ. ಯಾರಾದರೂ ಬಂದು ಕೂತು ಮೊದಲು ಏನೇ ಹೇಳಲಿ, ಸೆಖೆ ಎಂದೇ ಹೇಳಲಿ, ಇನ್ನೊಮ್ಮೆ ಹೇಳಿ ಎನ್ನುತ್ತೇನೆ. ಇವಳ ಕಿವಿ ಮಂದವಾಗಿದೆ ಎಂದುಕೊಳ್ಳುತ್ತಾರೆ.

ಬೀಚಿನ ಮುದುಕರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಬೆಂಡು ನನ್ನ ಕೈಯಲ್ಲಿತ್ತು. ಕೈಯಲ್ಲಿದ್ದವರು ಮಾತಾಡಬೇಕು.

"ನಮ್ಮ ಅಕ್ಕೋರು ತೀರ್ಕೊಂಡ್ರು" ಎಂದೆ. "ಸಂಗ್ತಿಗೆ ಬಾ ಅಂತ ಕೇಳೂಕೆ ಬಂದಿದ್ರು. ನಾ ಹೋಗ್ಲಿಲ್ಲ."

ಮುದುಕರು ತಲೆಯಾಡಿಸಿದರು. "ಹೌದಾ" ಎಂದರು. "ಗಾಳಿ ಜೋರದೆ ನೋಡಿ ಇವತ್ತು. ದೋಣಿ ಇಳಿಸೂಕೆ ಆಗೂದಿಲ್ಲ." ಬೆಂಡಿಗಾಗಿ ಕೈ ಚಾಚಿದರು. ಕಣ್ಣು ನನ್ನ ಕಾಲಿನ ಕಡೆಗಿತ್ತು. ಮರಳಿನಲ್ಲಿ ನಡೆಯಲೆಂದು ಚಪ್ಪಲಿಯನ್ನು ನಾನು ಇನ್ನೊಂದು ಕೈಯಲ್ಲಿ ಹಿಡಿದಿದ್ದೆ. ಇನ್ನೂ ಮೆಟ್ಟಿಲ್ಲ, ಅಸಲು ಮಾತು ಆಮೇಲೆ ಬರುತ್ತದೆ ಎಂದುಕೊಂಡರೇನೋ.

"ಹೌದು" ಎಂದೆ. "ಜೋರದೆ." ಬೆಂಡು ಅವರ ಕೈಗೆ ಕೊಟ್ಟೆ.