ನೂಲಿಗೆ ಕಾಸಿದ ಗಂಜಿ

ಇವತ್ತು ಬೆಳಿಗ್ಗೆ ನಮ್ಮ ಇಳಕಲ್ಲಿನ ಮನೆಯಲ್ಲಿ ನೂಲಿಗೆ ಗಂಜಿ ಕಾಸುತ್ತಿದ್ದರು. ವಾಸನೆ ಬಂದದ್ದೇ ತಡ, ಮಗ್ಗ ಬಿಟ್ಟು ಎದ್ದುಬಂದೆ. ನಗಬೇಡಿ, ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಮುದುಕ ನಾನು, ಸಂತೋಷ ಹೆಚ್ಚಾದರೆ ಕೂತಲ್ಲಿ ಕೂಡಲಾರೆ. ಬಾಗಲಕೋಟೆಯ ಕಾಲೇಜಿನಲ್ಲಿ ವಿಜ್ಞಾನ ಓದುವ ಮೊಮ್ಮಗಳು ಗೌರಿ ನಿನ್ನೆ ರಜೆಗೆ ಬಂದಿದ್ದಾಳೆ.

ಹದಿನೆಂಟು ವರ್ಷದ ಹಿಂದಿನ ಮಾತು, ಎಪ್ಪತ್ತರ ದಶಕದ ಆರಂಭ. ಆಗ ಅವಳು ಒಂದೂವರೆ ವರ್ಷದ ಕೂಸು. ವಾಂತಿಭೇದಿ ಹತ್ತಿತು. ಕುಡಿಸಿದ್ದೆಲ್ಲ ಹೊರಗೇ ಹೋಗುತ್ತದೆ, ನೀರು ಕೊಡಲೇಬೇಡಿ ಎಂದು ಹುಕುಂ ಮಾಡಿದವನು ನಾನೇ. ಸೊಸೆಯ ಕೈಯಿಂದ ತಂಬಿಗೆಯನ್ನೂ ಕಸಿದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕೂಸಿನ ಕಣ್ಣು ಗುಳಿಬಿದ್ದವು, ಅತ್ತರೆ ಕಣ್ಣೀರಿಲ್ಲ.

ಸೊಸೆ ಹೇಳಿಕಳಿಸಿದ್ದಳು, ದವಾಖಾನೆಯ ನರ್ಸಬಾಯಿ ಬಂದರು. ಒಲೆಯ ಮೇಲಿನ ಗಂಜಿಯ ಪಾತ್ರೆ ನೋಡಿದರು.

"ಇದು ಯಾರಿಗ್ರಿ ಯಜಮಾನ್ರ?"

"ನೂಲಿಗ್ರಿ. ಗಂಜಿ ಕುಡದ್ರ ಎಳಿ ಹರಿಯಂಗಿಲ್ಲ."

"ಭಾಳ ಶಾಣ್ಯಾ ಅದೀರಿ! ನೂಲಿಗೆ ಕುಡಸ್ತೀರಿ, ಕೂಸಿನ್ನ ಒಣಗ ಹಾಕ್ತೀರಿ?"

ನೂಲು ನುಣುಪಾಗಲೆಂದು ಗಂಜಿಗೆ ಹಾಕುವ ಎಣ್ಣೆಯನ್ನು ಇನ್ನೂ ಬೆರೆಸಿರಲಿಲ್ಲ. ತಿಳಿಗಂಜಿ ಬಸಿದು, ಚಿಟಿಕೆ ಉಪ್ಪು ಹಾಕಿ, ಚಮಚ ಚಮಚವಾಗಿ ಕುಡಿಸಿದರು. ದೀಪ ಹಚ್ಚುವ ಹೊತ್ತಿಗೆ ಕೂಸು ಅತ್ತಿತು. ಕಣ್ಣಲ್ಲಿ ನೀರಿತ್ತು.

ಅದು ನರ್ಸಬಾಯಿಯ ಕೈಗುಣ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ನಿನ್ನೆ ಗೌರಿ ಬಿಡಿಸಿ ಹೇಳಿದಳು.

"ಅಜ್ಜಾ, ಆ ವಾಂತಿಭೇದಿ ರೋಗಾಣು ಕರುಳು ಕಡಿಯಂಗಿಲ್ಲ, ವಿಷಾ ಬಿಡತೈತಿ. ಕರುಳಿನ ಒಳಗೋಡಿ ತುಂಬ ಸಣ್ಣ ಜೀವಕೋಶ ಇರತಾವು, ಅದರೊಳಗ ಒಂದು ಕಿಣ್ವ. ನಿನ್ನ ಮಗ್ಗದಾಗ ಕಾಲಿಲೆ ತುಳಿಯೋ ಹಲಗಿ ಇದ್ದಂಗ. ತುಳದ್ರ ಕೆಲಸಾ, ಬಿಟ್ರ ಬಂದ್. ವಿಷಾ ಆ ಹಲಗೀನ ಮ್ಯಾಲ ಏಳಾಕs ಬಿಡಂಗಿಲ್ಲ. ಕೆಲಸಾ ನಿಲ್ಲಂಗs ಇಲ್ಲ, ಮೈಯಾಗಿನ ಉಪ್ಪು ನೀರೆಲ್ಲಾ ಕರುಳಿಗೆ ಬಂದು ಹೊರಗ."

"ಮತ್ತ ಗಂಜಿ?"

"ಗಂಜಿ ಕರಗಿ ಸಕ್ಕರಿ ಆಕ್ಕೈತಿ. ಅದು ಉಪ್ಪಿನ ಜೋಡಿ ಒಳಗ ಹೋಗೋ ಬಾಗಿಲಾ ಬ್ಯಾರೇನ ಐತಿ. ವಿಷಾ ಅದನ್ನ ಮುಟ್ಟಂಗಿಲ್ಲ. ಅವೆರಡರ ಬೆನ್ನಹಿಂದ ನೀರೂ ಹೊಕ್ಕೈತಿ."

ನಾನು ನನ್ನ ಹೊಟ್ಟೆ ಮುಟ್ಟಿ ನೋಡಿಕೊಂಡೆ. ಕಣ್ಣಿಗೆ ಕಾಣದ ಗೋಡೆ, ಅದರೊಳಗೆ ಎಷ್ಟೊಂದು ಮಗ್ಗ, ಒಂದು ಕೆಟ್ಟರೂ ತೆರೆದಿರುವ ಇನ್ನೊಂದು ಬಾಗಿಲು! ಇಷ್ಟೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡು ಏನೂ ಗೊತ್ತಿಲ್ಲದೆ ರೊಟ್ಟಿ ತಿಂದುಕೊಂಡಿದ್ದೆನಲ್ಲ!

"ಗೌರಿ, ಅವತ್ತ ತಂಬಿಗಿ ಕಸಗೊಂಡಾಂವ ನಾನs."

"ಗೊತ್ತೈತಿ, ಅವ್ವ ಹೇಳ್ಯಾಳ. ನೀ ಸಿಟ್ಟಿಗೆದ್ದಾಗೆಲ್ಲಾ ಆ ಮಾತನ್ನs ತಗೀತೇನಿ, ತಡಿ" ಎಂದು ನಕ್ಕಳು.

ಇವತ್ತು ಎಣ್ಣೆ ಬೆರೆಸುವ ಮೊದಲೇ ಅವಳು ಒಂದು ಬಟ್ಟಲು ತಿಳಿಗಂಜಿ ಬಸಿದು, ಉಪ್ಪು ಹಾಕಿ ನನ್ನ ಕೈಗಿಟ್ಟಳು. ಕುಡಿದು, ಒಳಗೆ ಆ ಬಾಗಿಲು ತೆರೆದ ಸಪ್ಪಳ ಕೇಳಿಸೀತೇನೋ ಎಂದು ಸುಮ್ಮನೆ ನಿಂತೆ. ನೂಲು ತನ್ನ ಗಂಜಿಗಾಗಿ ಕಾಯುತ್ತಿತ್ತು, ಕಾಯಲಿ ಬಿಡಿ.