ಡೆವಲಪರ್ ಬಾಟಲಿಯೂ ಆಯಿಯ ಕುರಿಗಳೂ

ಈಗ ನಮ್ಮ ಮನೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಐದು ಸಣ್ಣ ಕಂದು ಬಾಟಲಿಗಳಿವೆ. ಐದರಲ್ಲೂ ಕಪ್ಪು-ಬಿಳುಪು ಫಿಲ್ಮ್ ತೊಳೆಯುವ ಡೆವಲಪರ್ ಇದೆ. ಗಾಳಿಗೆ ಜಾಗವೇ ಇರದಂತೆ ಕುತ್ತಿಗೆಯವರೆಗೂ ತುಂಬಿ ಬಿರಡೆ ಬಿಗಿದಿದ್ದೇನೆ. ಪ್ರತಿಯೊಂದರ ಮೇಲೂ ಬೆರೆಸಿದ ತಾರೀಖು, ಅದರ ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ‘ವಿಷ’ ಎಂದು ಕೆಂಪು ಅಕ್ಷರ. ಅದು ನನ್ನ ಹೆಂಡತಿ ಹಾಕಿದ ಕರಾರು. ಫ್ರಿಜ್ಜಿನಲ್ಲಿ ಇಟ್ಟರೆ ಇನ್ನೂ ಚೆನ್ನ ಎಂದು ಒಮ್ಮೆ ಬಾಯಿಬಿಟ್ಟಿದ್ದೆ. ಅವಳು ನನ್ನನ್ನು ನೋಡಿದ ರೀತಿಗೆ ಆ ಮಾತನ್ನು ಮತ್ತೆ ಎತ್ತಿಲ್ಲ. ಒಂದು ಬಾಟಲಿ ತೆರೆದರೆ ಅಂದೇ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಇಷ್ಟು ಸಾದಾ ಸಂಗತಿ ಕಲಿಯಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಅದರ ನಷ್ಟ ಬಿದ್ದದ್ದು ನಮ್ಮ ಆಯಿಯ ಪಾಲಿಗೆ.

ನಾನು ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಒಂದು ಕನ್ನಡ ಸಾಲೆಯ ಮಾಸ್ತರ. ನಿಶ್ಚಿಂತೆಯಿಂದ ಕೂತವನಲ್ಲ. ಕೀಲಿ ಹಾಕಿ ಹೊರಟವನು ಓಣಿಯ ತುದಿಯಿಂದ ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತೇನೆ. ಗ್ಯಾಸಿನ ಗುಂಡಿಯನ್ನು ಎರಡು ಸಲ ಮುಟ್ಟದೆ ಮಲಗುವುದಿಲ್ಲ. ಇಂಥವನು ಹಿಡಿದ ಹವ್ಯಾಸವಾದರೂ ಎಂಥದು? ಕತ್ತಲ ಚೀಲದೊಳಗೆ ಕೈ ತೂರಿ, ಕಣ್ಣಿಗೆ ಕಾಣದ ಫಿಲ್ಮನ್ನು ಡಬ್ಬಿಗೆ ಸುತ್ತಿ, ಔಷಧ ಸುರಿದು, ಒಳಗೆ ಏನಾಗುತ್ತಿದೆಯೋ ತಿಳಿಯದೆ ಹತ್ತು ನಿಮಿಷ ಕಾಯುವ ಹವ್ಯಾಸ. ಅಂಗಡಿ ಮುಚ್ಚಿದ ಸ್ಟುಡಿಯೋದ ಯಜಮಾನರೊಬ್ಬರು ಡಬ್ಬಿಯನ್ನೂ ಅಳತೆಯ ಗ್ಲಾಸುಗಳನ್ನೂ ನನಗೆ ಕೊಟ್ಟು ಕೈ ತೊಳೆದುಕೊಂಡಿದ್ದರು. ಔಷಧದ ಪುಡಿಯನ್ನು ಪುಣೆಯಿಂದ ಕೊರಿಯರಿನಲ್ಲಿ ತರಿಸುತ್ತೇನೆ.

ಹಿಂದೊಮ್ಮೆ ನಮ್ಮ ಸಾಲೆಯ ಹಿರಿಯ ಮಾಸ್ತರರು ನಿವೃತ್ತರಾದ ದಿನ ಒಂದು ರೋಲು ತೆಗೆದಿದ್ದೆ. ಡೆವಲಪರ್ ಹಳತಾಗಿ ಸತ್ತಿತ್ತು. ಫಿಲ್ಮು ಗಾಜಿನಂತೆ ಖಾಲಿಯಾಗಿ ಹೊರಬಂತು. ಫಿಲ್ಮೇ ಕೆಟ್ಟದ್ದಿತ್ತು ಎಂದು ಎಲ್ಲರಿಗೂ ಹೇಳಿದೆ, ಎಲ್ಲರೂ ನಂಬಿದರು. ಆ ಸುಳ್ಳು ಅಷ್ಟು ಸಲೀಸಾಗಿ ನಡೆದುಹೋದದ್ದೇ ನನ್ನನ್ನು ಹೆಚ್ಚು ಕಾಡಿತು. ಅಂದಿನಿಂದ ಪರೀಕ್ಷೆ ಮಾಡದೆ ರೋಲು ತೊಳೆಯುವುದಿಲ್ಲ ಎಂದು ನಿಶ್ಚಯಿಸಿದೆ.

ಆಯಿ ಎಂದರೆ ನನ್ನ ಅಜ್ಜಿಯ ತಂಗಿ, ತಿಕೋಂಡಿಯವಳು. ಲಗ್ನವಾಗಿ ಬಂದ ವರ್ಷದಿಂದ ಕುರಿಗಳ ಹಿಂದೆ ನಡೆದವಳು. ಎರಡು ವರ್ಷದ ಹಿಂದೆ ಅವಳ ಮೊಣಕಾಲು ಕೈಕೊಟ್ಟವು. ಮಗ ಟೆಂಪೋ ಓಡಿಸುತ್ತಾನೆ, ಹಿಂಡಿನ ಹಿಂದೆ ನಡೆಯುವವರು ಯಾರೂ ಇರಲಿಲ್ಲ. ಆ ವರ್ಷ ದೀಪಾವಳಿ ಮುಗಿದ ಮೇಲೆ ವಿಜಯಪುರದ ಕಡೆಯ ಒಬ್ಬ ಕುರುಬನಿಗೆ ಹಿಂಡನ್ನು ಕೊಡುವುದೆಂದು ಮಾತಾಯಿತು. ಕುರಿ ಹೋಗುವ ಹಿಂದಿನ ದಿನ ಆಯಿ ನನಗೆ ಹೇಳಿಕಳಿಸಿದಳು. ಜೀವನದಲ್ಲಿ ಒಂದು ಸಲವೂ ತಾನಾಗಿ ಕ್ಯಾಮರಾದ ಮುಂದೆ ನಿಲ್ಲದವಳು, ಆಧಾರ್ ಕಾರ್ಡಿಗೂ ಬೈಯುತ್ತಲೇ ಕೂತವಳು.

“ಕುರೀದು ತಗಿ, ತಮ್ಮಾ. ನಂದೇನ್ ತಗೀತಿ, ನಾ ಮನ್ಯಾಗ ಇರ್ತೀನಿ. ಅವು ನಾಳಿಗಿ ಹೊಕ್ಕಾವ,” ಎಂದಳು.

ನಾನೇ ಒತ್ತಾಯ ಮಾಡಿ ಅವಳನ್ನು ಹಿಂಡಿನ ನಡುವೆ ನಿಲ್ಲಿಸಿದೆ. ನಮ್ಮ ಕಡೆಯ ಕುರಿ ನಿಮಗೆ ಗೊತ್ತಲ್ಲ, ಕಪ್ಪಗೆ, ಕಂಬಳಿಯ ಬಣ್ಣದವು. ಅವಳ ಮಗ, ಅಂದರೆ ನನಗೆ ಮಾಮಾ, ಮೊಬೈಲು ತೆಗೆದು ಎದುರು ನಿಂತಿದ್ದ. ನಾನು ಅವನನ್ನು ತಡೆದೆ. ಕುರಿ ಬೆದರುತ್ತವೆ ಎಂದೆ, ಅದು ನೆಪ. ಮೊಬೈಲಿನ ಫೋಟೊ ಎರಡು ದಿನ ಇರುತ್ತದೆ, ಇದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಜಂಬ ಕೊಚ್ಚಿದೆ. ಮಾಮಾ ಮೊಬೈಲು ಕಿಸೆಗಿಟ್ಟ. ಮರುದಿನ ಪಿಕಪ್ ಗಾಡಿ ಎರಡು ಸಲ ಬಂದು ಕುರಿಹಟ್ಟಿಯನ್ನು ಖಾಲಿ ಮಾಡಿತು.

ಈಗ ಆ ಕುರಿಗಳು ಇದ್ದದ್ದು ನನ್ನ ಒಂದು ರೋಲಿನಲ್ಲಿ ಮಾತ್ರ. ಹೊಸ ಪುಡಿ ತರಿಸಿದೆ. ನಮ್ಮ ಬೋರಿನ ನೀರು ಸವಳು, ಹಾಗಾಗಿ ಬ್ಯಾಟರಿ ಅಂಗಡಿಯಿಂದ ಶುದ್ಧ ನೀರು ತಂದು ಬೆರೆಸಿದೆ. ಒಂದೇ ದೊಡ್ಡ ಬಾಟಲಿಗೆ ತುಂಬಿದೆ. ಹಳೆಯದೊಂದು ರೋಲನ್ನು ಬಲಿಕೊಟ್ಟು ಬೆಳಕಿಗೆ ಹಿಡಿದು, ಉಗುರಿನಗಲದ ಪಟ್ಟಿಗಳಾಗಿ ಕತ್ತರಿಸಿಕೊಂಡೆ. ಬೆಳಕು ಕಂಡ ಫಿಲ್ಮಿನ ತುಂಡನ್ನು ಡೆವಲಪರಿನಲ್ಲಿ ಅದ್ದಿದರೆ ಅದು ಕಪ್ಪಾಗಬೇಕು. ಔಷಧ ಜೀವಂತವಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಮೊದಲ ಪಟ್ಟಿ ಒಂದು ನಿಮಿಷಕ್ಕೆ ಕಪ್ಪಾಯಿತು. ಒಣಗಿಸಿ ವಹಿಗೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದೆ.

ಅಂದೇ ರೋಲು ತೊಳೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆದರೆ ಪಟ್ಟಿ ಪಾಸಾದ ಕೂಡಲೇ ಇನ್ನೊಂದು ಸಂಶಯ ಹುಟ್ಟಿತು. ಬ್ಯಾಟರಿ ನೀರು ನಿಜಕ್ಕೂ ಶುದ್ಧವೇ? ಪುಡಿ ಪೂರ್ತಿ ಕರಗಿತೇ? ನಾಳೆ ಇನ್ನೊಂದು ಪಟ್ಟಿ ಅದ್ದಿ ನೋಡಿಬಿಡೋಣ. ನಾಳೆಯೂ ಪಾಸು. ಆಗ ಔಷಧದ ಬಿಸಿ ಅಳೆಯುವ ಥರ್ಮಾಮೀಟರಿನ ಮೇಲೆ ಗುಮಾನಿ. ಜ್ವರ ನೋಡುವ ಥರ್ಮಾಮೀಟರನ್ನು ಅದರ ಜೊತೆ ಒಂದೇ ಬಿಸಿನೀರಿನಲ್ಲಿ ಅದ್ದಿ ಹೋಲಿಸಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಡಬ್ಬಿಗೇನು ಜ್ವರ ಬಂದಿದೆಯೇ ಎಂದು ಕೇಳಿ ಹೋದಳು. ದಿನವೂ ಸಾಲೆಯಿಂದ ಬಂದವನೇ ಚೀಲವನ್ನೂ ಇಳಿಸದೆ ಬಾಟಲಿಯ ಬಿರಡೆ ತೆಗೆಯುತ್ತಿದ್ದೆ. ಸಣ್ಣ ಕಪ್ಪಿನಷ್ಟು ಸುರಿದುಕೊಂಡು, ಪಟ್ಟಿ ಅದ್ದಿ, ಕಪ್ಪಾಗುವವರೆಗೆ ಕಾದು, ಬಳಸಿದ್ದನ್ನು ಚೆಲ್ಲಿ, ಪಟ್ಟಿಯನ್ನು ವಹಿಗೆ ಅಂಟಿಸಿದರೆ ಅಂದಿಗೆ ಸ್ವಲ್ಪ ಸಮಾಧಾನ. ಮರುದಿನ ಮಧ್ಯಾಹ್ನ, ಮೂರನೇ ಇಯತ್ತೆಗೆ ಭಾಗಾಕಾರ ಹೇಳಿಕೊಡುವ ಹೊತ್ತಿಗೆ, ಮತ್ತೆ ಅದೇ ಚಡಪಡಿಕೆ.

ಆಯಿ ಸಂತೆಯ ದಿನ ಜತ್ತಕ್ಕೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುವಳು. ಬಂದವಳೇ ಫೋಟೊ ಆಯಿತೇ ಎಂದು ಕೇಳುವಳು. ಔಷಧ ನೋಡುತ್ತಿದ್ದೇನೆ ಆಯಿ, ಮುಂದಿನ ವಾರ ಎನ್ನುವೆ. ಹಟ್ಟಿ ಖಾಲಿಯಾದ ಮೇಲೆ ಬೆಳಗಿನ ಜಾವ ಎಚ್ಚರವಾಗಿ, ಎದ್ದು ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತೇನೆ ಎಂದು ಅವಳು ಒಮ್ಮೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳಂತೆ. ಅದನ್ನು ಕೇಳಿದ ದಿನ ನಾನು ಎರಡು ಪಟ್ಟಿ ಅದ್ದಿದೆ.

ಡಿಸೆಂಬರಿನಲ್ಲಿ ಪಟ್ಟಿ ಕಪ್ಪಾಗಲು ಎರಡು ನಿಮಿಷ ಬೇಕಾಯಿತು, ಆಮೇಲೆ ಮೂರು. ಚಳಿ, ಅದಕ್ಕೇ ನಿಧಾನ ಎಂದುಕೊಂಡೆ. ನೀರಿನಂತಿದ್ದ ದ್ರವ ಚಹಾದ ಬಣ್ಣಕ್ಕೆ ತಿರುಗಿತು. ಕಂದು ಬಾಟಲಿಯ ಛಾಯೆ ಇರಬೇಕು ಎಂದುಕೊಂಡೆ. ಬಾಟಲಿ ಅರ್ಧಕ್ಕೆ ಇಳಿದಿತ್ತು, ಉಳಿದರ್ಧ ಗಾಳಿ. ಡೆವಲಪರನ್ನು ಕೊಲ್ಲುವುದು ಗಾಳಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ದಿನಕ್ಕೊಮ್ಮೆ ಬಿರಡೆ ತೆಗೆದು ಅದಕ್ಕೆ ಗಾಳಿ ಕುಡಿಸುತ್ತಿದ್ದೆ. ನಿಜವಾದ ಪರೀಕ್ಷೆಯಲ್ಲಿ ನೀರು ಅಷ್ಟೇ ಬೆಚ್ಚಗಿರಬೇಕು, ಹೊತ್ತು ಅಷ್ಟೇ ಇರಬೇಕು, ಇವತ್ತಿನ ಪಟ್ಟಿಯನ್ನು ಮೊದಲ ದಿನದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ನಾನು ಮಾಡಿದ್ದು, ಹುಡುಗನಿಗೆ ಉತ್ತರ ಹೊಳೆಯುವ ತನಕ ಹೊತ್ತು ಕೊಟ್ಟು ಎಲ್ಲರನ್ನೂ ಪಾಸು ಮಾಡಿದ ಹಾಗೆ. ವಹಿಯ ತುಂಬ ಪಟ್ಟಿಗಳು ಒಂದೇ ಸಮ ಕಪ್ಪು. ನೋಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಜನವರಿಯ ಒಂದು ರವಿವಾರ ಮುಂಜಾನೆ, ನನ್ನ ಮೇಲೆ ನನಗೇ ಸಿಟ್ಟು ಬಂದು, ರೋಲು ತೊಳೆದುಬಿಟ್ಟೆ. ಪುಡಿಯ ಪ್ಯಾಕೀಟಿನ ಮೇಲೆ ಬರೆದ ಹೊತ್ತನ್ನು ಸೆಕೆಂಡೂ ತಪ್ಪದೆ ಪಾಲಿಸಿದೆ. ಡಬ್ಬಿಯ ಮುಚ್ಚಳ ತೆಗೆದು ಫಿಲ್ಮನ್ನು ಕಿಟಕಿಗೆ ಹಿಡಿದಾಗ ಖಾಲಿಯೇನೂ ಇರಲಿಲ್ಲ. ಆಕಾಶ ಇತ್ತು, ಆಯಿ ಇದ್ದಳು. ಖುಷಿಯಿಂದ ಕೂಗಬೇಕೆನ್ನಿಸಿತು. ಸೊರಗಿದ ಡೆವಲಪರ್ ಬೆಳ್ಳಗಿರುವುದನ್ನು ಹೇಗೋ ತೋರಿಸಿಬಿಡುತ್ತದೆ, ಮೊದಲು ಕೈಬಿಡುವುದು ಕಪ್ಪಗಿರುವುದನ್ನು. ಅದು ಹೊಳೆದದ್ದು ಮಾರನೆಯ ದಿನ, ಸ್ಕ್ಯಾನ್ ಮಾಡುವ ಇನ್ನೊಂದು ಸ್ಟುಡಿಯೋದವನು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದಾಗ.

“ಕೆಳಗ ಏನೂ ಇಲ್ರಿ ಸರ್. ಎಷ್ಟ್ ಬೆಳಕ ಮಾಡಿದ್ರೂ ಬರೇ ಬೂದಿ ಬರ್ತದ,” ಎಂದ.

ಇಡೀ ರೋಲು ಹಾಗೇ. ನಾಚಿಕೆ ಬಿಟ್ಟು ಮಾಮಾನಿಗೆ ಫೋನು ಮಾಡಿ, ಅಂದು ನಿನ್ನ ಮೊಬೈಲಿನಲ್ಲಿ ಒಂದಾದರೂ ತೆಗೆದಿದ್ದೆಯಾ ಎಂದು ಕೇಳಿದೆ. ನೀನೇ ಬೇಡವೆಂದೆಯಲ್ಲ ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತುಸು ಹಗುರವಾಗುತ್ತಿತ್ತು.

ಸಂತೆಯ ದಿನ ಆಯಿ ಬಂದಳು. ಫೋಟೊ ಕೈಗೆ ಕೊಟ್ಟೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಮುಖದ ಒಂದೊಂದು ಗೆರೆಯೂ, ಕೈಯ ಕೋಲೂ, ಹಿಂದಿನ ಆಕಾಶವೂ ಸ್ಪಷ್ಟವಾಗಿದ್ದವು. ಸೊಂಟದಿಂದ ಕೆಳಗೆ ಎಲ್ಲವೂ ಕಪ್ಪು. ಆ ಕಪ್ಪಿನಲ್ಲಿ ಒಂದು ಬಿಳಿ ಚುಕ್ಕೆ. ತನ್ನ ಮುಖದ ಮೇಲೆ ಅವಳ ಕಣ್ಣು ನಿಲ್ಲಲೇ ಇಲ್ಲ. ಚುಕ್ಕೆಯ ಮೇಲೆ ಬೆರಳಿಟ್ಟಳು.

“ಇದು ಹಣಿಮ್ಯಾಲ ಬೆಳ್ಳಗಿತ್ತಲ್ಲ, ಆ ಮುದಿ ಕುರಿ,” ಎಂದಳು. ಬೆರಳು ಅಲ್ಲಿಂದ ಆಚೀಚೆ ಸರಿಯಿತು. “ಉಳದಾವು ಎಲ್ಲಿ ಅದಾವ?”

ಫಿಲ್ಮೇ ಕೆಟ್ಟದ್ದಿತ್ತು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಮೇಲೆ ತೆರೆದಿದ್ದ ವಹಿಯತ್ತ ಹೋಯಿತು. ಎಳೆದುಕೊಂಡು, ಇವೇನು ಎಂದು ಕೇಳಿದಳು. ಔಷಧ ಚೆನ್ನಾಗಿದೆಯೋ ಇಲ್ಲವೋ ಎಂದು ದಿನಾ ಸ್ವಲ್ಪ ಸುರಿದು ನೋಡುತ್ತಿದ್ದೆ, ಒಂದೊಂದು ದಿನಕ್ಕೆ ಒಂದೊಂದು ಪಟ್ಟಿ ಎಂದೆ. ತೆಗೆದು ತೆಗೆದು ನೋಡಿದ್ದಕ್ಕೇ ಔಷಧ ಸತ್ವ ಕಳೆದುಕೊಂಡಿತು ಎಂಬುದನ್ನೂ ಹೇಳಿದೆ. ಆಯಿ ಪುಟ ತಿರುಗಿಸಿದಳು. ಸಂಜೆ ಹಟ್ಟಿಯ ಬಾಯಲ್ಲಿ ನಿಂತು ಒಳಹೋಗುವ ಕುರಿಗಳನ್ನು ಎಣಿಸುವಂತೆ, ಒಂದೊಂದು ಕಪ್ಪು ಪಟ್ಟಿಯನ್ನೂ ಬೆರಳಿನಿಂದ ಮುಟ್ಟುತ್ತ ಹೋದಳು. ಕೊನೆಯ ಪುಟದವರೆಗೂ ಹೋದಳು.

“ಅಂದ್ರ ನನ್ನ ಕುರಿ ಎಲ್ಲಾ ಇದರಾಗ ಹ್ವಾದು ಅನ್ನು,” ಎಂದಳು.

“ಹೌದು ಆಯಿ,” ಎಂದೆ. “ಇದರಾಗ ಹ್ವಾದು.”